ಅವರಿಗಿ ಹ್ಯಾಂಗ ಗೊತ್ತಾಯ್ತು?

ನಂಬಲರ್ಹ ಮಾಹಿತಿ ಹುಡುಕುವುದು ಹೇಗೆ, ಸಂಶೋಧನೆ ಅಂದರೇನು ಅನ್ನುವುದರ ಬಗ್ಗೆ ಕಲಬುರಗಿಯ ಒಂದು ಪದವಿ ಕಾಲೇಜಿನಲ್ಲಿ ವಿದ್ಯಾರ್ಥಿಗಳು, ಶಿಕ್ಷಕರು ಮತ್ತು ಸುತ್ತಲಿನ ಊರುಗಳ ರೈತರ ಮುಂದೆ ಆಡಿದ ಮಾತುಗಳ ಬರಹ ರೂಪ ಇದು. ಸಭೆಯಲ್ಲಿ ಬಂದ ಕೆಲವು ಪ್ರಶ್ನೆಗಳನ್ನೂ ಕೊನೆಗೆ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ. ಸೇಡಂ, ಚಿತ್ತಾಪುರ, ಆಳಂದದಿಂದ ಬಸ್ಸು ಹಿಡಿದು ಬಂದವರಿದ್ದೀರಿ. ಹೊಲದ ಕೆಲಸ ಬಿಟ್ಟು ಬಂದವರೂ ಇದ್ದೀರಿ. ಹಾಗಾಗಿ ಪೀಠಿಕೆ ಬೇಡ, ನೇರ ವಿಷಯಕ್ಕೆ ಬರುತ್ತೇನೆ. ಬೀದರಿನಿಂದ ಶುರು ಮಾಡೋಣ.

ಬೀದರಿನಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾವನ್ನು ನಿಮ್ಮಲ್ಲಿ ಬಹಳ ಜನ ನೋಡಿರುತ್ತೀರಿ. 1472ರ ಕಟ್ಟಡ. ಗವಾನ್ ಪರ್ಷಿಯಾದ ಗಿಲಾನ್ ಸೀಮೆಯಿಂದ ಬಂದವನು, ಬಹಮನಿ ರಾಜ್ಯದ ಪ್ರಧಾನಿಯಾದವನು. ದೊಡ್ಡ ವಿದ್ವಾಂಸ. ಆಸ್ಥಾನದಲ್ಲಿ ಅವನನ್ನು ಕಂಡರೆ ಆಗದವರೂ ಇದ್ದರು. ಚರಿತ್ರೆಕಾರರು ಬರೆದಿಟ್ಟಿರುವ ಪ್ರಕಾರ, ಆ ವಿರೋಧಿಗಳು ಗವಾನನ ಮುದ್ರೆ ನೋಡಿಕೊಳ್ಳುತ್ತಿದ್ದವನನ್ನು ಬುಟ್ಟಿಗೆ ಹಾಕಿಕೊಂಡರು. ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿಕೊಂಡರು. ಆಮೇಲೆ ಅದರ ಮೇಲೆ ಒಡಿಶಾದ ರಾಜನಿಗೆ ಗವಾನನೇ ಬರೆದಂತೆ ಒಂದು ಪತ್ರ ಬರೆದರು. ನಮ್ಮ ಸುಲ್ತಾನನ ಮೇಲೆ ದಂಡೆತ್ತಿ ಬಾ ಅನ್ನುವ ಅರ್ಥದ ಪತ್ರ. ಸುಲ್ತಾನ ಮೂರನೇ ಮುಹಮ್ಮದ್ ಮುದ್ರೆ ನೋಡಿದ, ನಂಬಿದ. ಮುದ್ರೆ ನನ್ನದು, ಪತ್ರ ನನ್ನದಲ್ಲ ಅಂತ ಗವಾನ್ ಎಷ್ಟು ಹೇಳಿದರೂ ಕೇಳಲಿಲ್ಲ. 1481ರ ಏಪ್ರಿಲಿನಲ್ಲಿ ಆ ವಯಸ್ಸಾದ ಮನುಷ್ಯನ ತಲೆ ಕಡಿಸಿದ. ನಿಜ ಗೊತ್ತಾದ ಮೇಲೆ ಕೊರಗಿದ. ಮರುವರ್ಷ ತಾನೂ ತೀರಿಕೊಂಡ.

ಅಲ್ಲಿ ಮುದ್ರೆ ಅಸಲಿಯೇ ಇತ್ತು ಅನ್ನುವುದನ್ನು ಗಮನಿಸಿ. ಇವತ್ತು ನಿಮ್ಮ ಫೋನಿಗೆ ಒಂದು ಪಿಡಿಎಫ್ ಬಂತು ಅಂತ ಇಟ್ಟುಕೊಳ್ಳಿ. ಮೇಲೆ ಗಂಡಭೇರುಂಡದ ಲಾಂಛನ, ಪಕ್ಕದಲ್ಲಿ ಆದೇಶ ಸಂಖ್ಯೆ, ಕೆಳಗೆ ಸಹಿ, ಸೀಲು. "ಸಂವಿಧಾನದ 371(ಜೆ) ವಿಧಿಯ ಅಡಿ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳಿಗೆ ವಿಶೇಷ ನೇಮಕಾತಿ, ನಾಳೆಯೇ ಕೊನೆಯ ದಿನ, ಶುಲ್ಕ ಈ ಲಿಂಕಿನಲ್ಲಿ ಕಟ್ಟಿ." ಲಾಂಛನ ಯಾವುದೋ ಹಳೆಯ ಆದೇಶದಿಂದ ಕತ್ತರಿಸಿ ಅಂಟಿಸಿದ್ದು. ಸಹಿಯೂ ಹಾಗೆಯೇ. ನೋಡಿದರೆ ಅಸಲಿಯ ಹಾಗೆಯೇ ಕಾಣುತ್ತದೆ. ಆ ಕಾಗದವನ್ನು ಎಷ್ಟು ಹೊತ್ತು ನೋಡಿದರೂ ನಿಮಗೆ ಸತ್ಯ ಸಿಗುವುದಿಲ್ಲ. ಸತ್ಯ ಅದರ ಹೊರಗೆ ಇದೆ.

ಇನ್ನೊಂದು ಘಟನೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಾಗುವುದಿಲ್ಲ. 2018ರ ಜುಲೈ 13. ಬೀದರ್ ಜಿಲ್ಲೆಯ ಮುರ್ಕಿ ಗ್ರಾಮ. ಹೈದರಾಬಾದಿನಿಂದ ಬಂದಿದ್ದ ಕೆಲವು ಯುವಕರು ದಾರಿಯಲ್ಲಿ ಶಾಲೆಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರು ಬಂದಿದ್ದಾರೆ ಅಂತ ವಾಟ್ಸ್‌ಆ್ಯಪಿನಲ್ಲಿ ಸುದ್ದಿ ಹೋಯಿತು. ಅವರ ಕಾರು ಮುರ್ಕಿ ತಲುಪುವ ಹೊತ್ತಿಗೆ ಅಲ್ಲಿ ಜನ ಸೇರಿದ್ದರು. ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಹೊಡೆದು ಕೊಂದರು. ಉಳಿದವರಿಗೆ ತೀವ್ರ ಗಾಯಗಳಾದವು. ಹೊಡೆದವರು ಹುಟ್ಟಾ ಕೊಲೆಗಾರರಾಗಿರಲಿಲ್ಲ. ನಮ್ಮ ನಿಮ್ಮಂಥ ಊರಿನ ಜನ. ತಮ್ಮ ಮಕ್ಕಳನ್ನು ಉಳಿಸುತ್ತಿದ್ದೇವೆ ಅಂತ ಅವರು ಅಂದುಕೊಂಡಿದ್ದರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5ಕ್ಕಿಂತ ಹೆಚ್ಚು ಕಡೆ ಕಳಿಸದಂತೆ ಮಿತಿ ಹಾಕಿತು. 2020ರಲ್ಲಿ, ಬಹಳ ಸಲ ಕೈ ಬದಲಿಸಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಅಂತ ಮಾಡಿತು. ನಿಮ್ಮ ಫೋನಿನಲ್ಲಿ ಸಂದೇಶದ ಮೇಲೆ ಜೋಡಿ ಬಾಣದ ಗುರುತು ಕಂಡರೆ ಅದು ಹಾಗೆ ಸುತ್ತಿ ಬಂದದ್ದು. ಅದನ್ನು ಮೊದಲು ಬರೆದವರು ಯಾರು ಅಂತ ಕಳಿಸಿದವರಿಗೂ ಗೊತ್ತಿರುವುದಿಲ್ಲ.

ನಮ್ಮ ಕಡೆ ಹಳ್ಳಿಯಲ್ಲಿ ಯಾರಾದರೂ ಹೊಸ ಸುದ್ದಿ ತಂದರೆ ಹಿರಿಯರು ಕೇಳುತ್ತಿದ್ದರು: "ಯಾರ್ ಹೇಳ್ಯಾರ? ಅವರಿಗಿ ಹ್ಯಾಂಗ ಗೊತ್ತಾಯ್ತು?" ನನ್ನ ಇಡೀ ಉಪನ್ಯಾಸ ಈ ಎರಡು ಪ್ರಶ್ನೆಗಳ ಮೇಲೆಯೇ ನಿಂತಿದೆ. ಮೊದಲನೆಯದು ಮೂಲದ ಪ್ರಶ್ನೆ. ಎರಡನೆಯದು ಸಂಶೋಧನೆಯ ಪ್ರಶ್ನೆ. ನಂಬಲರ್ಹ ಮಾಹಿತಿ ಹುಡುಕುವುದು ಹೇಗೆ ಅಂತ ಹೇಳುವ ಬಹಳಷ್ಟು ಭಾಷಣಗಳು ಮೊದಲನೆಯದರಲ್ಲೇ ನಿಂತುಬಿಡುತ್ತವೆ. ಒಳ್ಳೆಯ ವೆಬ್‌ಸೈಟ್, ಕೆಟ್ಟ ವೆಬ್‌ಸೈಟ್ ಅಂತ ಎರಡು ಪಟ್ಟಿ ಕೊಟ್ಟು ಮುಗಿಸುತ್ತವೆ. ನನಗೆ ಅದು ಸಾಲದು. ದೊಡ್ಡವರು ಹೇಳಿದ್ದೂ ತಪ್ಪಿರಬಹುದು, ಸಣ್ಣವರು ಹೇಳಿದ್ದೂ ಸರಿಯಿರಬಹುದು. ಅವರಿಗೆ ಅದು ಗೊತ್ತಾದ ದಾರಿ ಯಾವುದು ಅಂತ ನೋಡುವುದನ್ನು ಕಲಿಯಬೇಕು.

ಮೊದಲ ಪ್ರಶ್ನೆ ತೆಗೆದುಕೊಳ್ಳೋಣ. ಮಗಳಿಗೆ ಗಂಡು ನೋಡುವಾಗ ಹುಡುಗನ ಮನೆಯವರು ಹೇಳಿದ್ದನ್ನಷ್ಟೇ ಕೇಳಿ ಯಾರೂ ಹೆಣ್ಣು ಕೊಡುವುದಿಲ್ಲ, ಅಲ್ವಾ? ಅವರ ಓಣಿಯವರನ್ನು ವಿಚಾರಿಸುತ್ತಾರೆ. ಕೆಲಸದ ಕಡೆ ಕೇಳುತ್ತಾರೆ. ಆ ಊರಿಗೆ ಕೊಟ್ಟ ನೆಂಟರಿಗೆ ಫೋನ್ ಮಾಡುತ್ತಾರೆ. ವೆಬ್‌ಸೈಟಿಗೂ ಇದನ್ನೇ ಮಾಡಬೇಕು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ 2017ರಲ್ಲಿ ಒಂದು ಅಧ್ಯಯನ ಹೊರತಂದರು. 10 ಜನ ಇತಿಹಾಸಕಾರರು, 10 ಜನ ವೃತ್ತಿಯಿಂದ ಸುದ್ದಿಯ ಸತ್ಯ ಪರಿಶೀಲಿಸುವವರು, 25 ಜನ ಸ್ಟ್ಯಾನ್‌ಫರ್ಡ್ ವಿದ್ಯಾರ್ಥಿಗಳು. ಎಲ್ಲರಿಗೂ ಕೆಲವು ವೆಬ್‌ಸೈಟ್ ತೋರಿಸಿ, ಇದನ್ನು ನಂಬಬಹುದೇ ನೋಡಿ ಅಂದರು. ಇತಿಹಾಸಕಾರರಲ್ಲಿ ಮತ್ತು ವಿದ್ಯಾರ್ಥಿಗಳಲ್ಲಿ ಬಹಳ ಜನ ಆ ಪುಟದಲ್ಲೇ ಕೂತು ಓದಿದರು. ಚೆಂದದ ಲಾಂಛನ, ಗಂಭೀರ ಹೆಸರು, ಅಚ್ಚುಕಟ್ಟಾದ ಬರವಣಿಗೆ ನೋಡಿ ಮೋಸ ಹೋದರು. ಸತ್ಯ ಪರಿಶೀಲಿಸುವವರು ಪುಟವನ್ನು ಸರಿಯಾಗಿ ಓದಲೂ ಇಲ್ಲ. ತಕ್ಷಣ ಪಕ್ಕದಲ್ಲಿ ಇನ್ನೊಂದು ಟ್ಯಾಬ್ ತೆರೆದು, ಈ ಸಂಸ್ಥೆಯ ಬಗ್ಗೆ ಬೇರೆಯವರು ಏನು ಹೇಳುತ್ತಾರೆ ಅಂತ ಹುಡುಕಿದರು. ಕಡಿಮೆ ಸಮಯದಲ್ಲಿ ಸರಿಯಾದ ತೀರ್ಮಾನಕ್ಕೆ ಬಂದರು. ಪಿಎಚ್‌ಡಿ ಮಾಡಿದವರೂ ಎಡವುತ್ತಾರೆ ಅನ್ನುವುದು ಇದರಿಂದ ತಿಳಿಯುತ್ತದೆ. ಓದು ಕಡಿಮೆ ಅಂತ ಹಿಂಜರಿಯುವ ಯಾರೂ ಈ ಅಭ್ಯಾಸವನ್ನು ಇವತ್ತೇ ಶುರು ಮಾಡಬಹುದು ಅನ್ನುವುದೂ ತಿಳಿಯುತ್ತದೆ.

ನಾನು ಹೇಳಿದ ಆ ನೇಮಕಾತಿ ಪಿಡಿಎಫ್‌ಗೆ ಏನು ಮಾಡಬೇಕು? ಅದರಲ್ಲಿರುವ ಲಿಂಕ್ ಒತ್ತಬೇಡಿ. ಆ ಇಲಾಖೆಯ ವೆಬ್‌ಸೈಟಿಗೆ ನೀವೇ ಬೇರೆ ದಾರಿಯಿಂದ ಹೋಗಿ. ವಿಳಾಸ ಓದುವುದಕ್ಕೆ ಒಂದು ರೀತಿ ಇದೆ. ಶುರುವಿನ 'https://' ಬಿಟ್ಟು, ಆಮೇಲೆ ಮೊದಲ ಓರೆಗೆರೆ (/) ಬರುವ ತನಕದ ಭಾಗ ತೆಗೆದುಕೊಂಡು, ಅದರ ಕೊನೆ ನೋಡಿ. ಸರಕಾರದ್ದಾದರೆ ಸಾಮಾನ್ಯವಾಗಿ ಕೊನೆಯಲ್ಲಿ 'ಗವ್ ಡಾಟ್ ಇನ್' ಅಥವಾ 'ನಿಕ್ ಡಾಟ್ ಇನ್' ಇರುತ್ತದೆ. ಮೋಸಗಾರರು 'ಗವ್' ಅನ್ನುವುದನ್ನು ವಿಳಾಸದ ಮಧ್ಯೆ ಎಲ್ಲೋ ಸೇರಿಸಿ, ಕೊನೆಗೆ ಬೇರೆ ಏನೋ ಇಟ್ಟಿರುತ್ತಾರೆ. ಬ್ಯಾಂಕುಗಳು 'ಬ್ಯಾಂಕ್ ಡಾಟ್ ಇನ್' ಅಂತ ಕೊನೆಯಾಗುವ ವಿಳಾಸಕ್ಕೆ ಬದಲಾಗಬೇಕು ಅಂತ ರಿಸರ್ವ್ ಬ್ಯಾಂಕ್ 2025ರಲ್ಲಿ ಹೇಳಿತು. ಇದನ್ನು ಮನೆಯಲ್ಲಿ ಅಪ್ಪ ಅಮ್ಮನಿಗೂ ತೋರಿಸಿಕೊಡಿ. ದುಡ್ಡು ಕಳೆದುಕೊಂಡಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು.

ಗೂಗಲಿನಲ್ಲಿ ಹುಡುಕುವಾಗ ಇಂಗ್ಲಿಷಿನಲ್ಲಿ 'ಸೈಟ್' ಅಂತ ಬರೆದು, ಜಾಗ ಬಿಡದೆ ಕೋಲನ್ ಹಾಕಿ, ಅದಕ್ಕೆ ಅಂಟಿಸಿ 'ಗವ್ ಡಾಟ್ ಇನ್' ಅಂತ ಬರೆದರೆ ಸರಕಾರಿ ಪುಟಗಳಷ್ಟೇ ಬರುತ್ತವೆ. ಒಂದು ವಾಕ್ಯ ಇದ್ದ ಹಾಗೆಯೇ ಎಲ್ಲಿದೆ ಅಂತ ನೋಡಬೇಕಾದರೆ ಅದನ್ನು ಜೋಡಿ ಉದ್ಧರಣ ಚಿಹ್ನೆಯೊಳಗೆ ಹಾಕಿ. ಯಾರೋ ಮಹಾತ್ಮರು ಹೇಳಿದರು ಅಂತ ಓಡಾಡುವ ಮಾತುಗಳನ್ನು ಹೀಗೆ ಹುಡುಕಿ ನೋಡಿ, ಅವುಗಳ ಬುಡ ಎಲ್ಲಿದೆ ಅಂತ ತಿಳಿಯುತ್ತದೆ. ಫೋಟೊ ಆದರೆ, ಅದೇ ಚಿತ್ರ ಬೇರೆ ಎಲ್ಲೆಲ್ಲಿ ಇದೆ ಅಂತ ಹುಡುಕಿಕೊಡುವ ಗೂಗಲ್ ಲೆನ್ಸ್ ಸಾಕು. ಮೊನ್ನೆಯ ಭೀಮಾ ಪ್ರವಾಹ ಅಂತ ಬಂದ ಚಿತ್ರ ಹತ್ತು ವರ್ಷದ ಹಿಂದಿನ ಬೇರೆ ರಾಜ್ಯದ್ದಾಗಿರಬಹುದು.

ವಿಡಿಯೊ ವಿಷಯದಲ್ಲಿ ಇನ್ನೂ ಹುಷಾರಾಗಿರಬೇಕು. 2018ರಲ್ಲಿ ದೇಶದ ತುಂಬಾ ಒಂದು ವಿಡಿಯೊ ಹರಿದಾಡಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುವ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ನೋಡಿದವರ ರಕ್ತ ಕುದಿಯಿತು. ಅಸಲಿಗೆ ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಅದೇ ಇಬ್ಬರು ಮಗುವನ್ನು ವಾಪಸ್ ತಂದು ಬಿಟ್ಟು, ಎಚ್ಚರಿಕೆಯ ಫಲಕ ತೋರಿಸುತ್ತಾರೆ. ಆ ಕೊನೆಯ ಭಾಗವನ್ನು ಯಾರೋ ಕತ್ತರಿಸಿ ಹಾಕಿದ್ದರು. ಚಿತ್ರ ನಿಜ, ಕತೆ ಸುಳ್ಳು. ಗವಾನನ ಮುದ್ರೆಯ ಕತೆಯೂ ಇದೇ ತಾನೇ?

ಮೂಲಕ್ಕೆ ಹೋಗುವುದು ಅಂದೆನಲ್ಲ, ಅದರ ಬೆಲೆ ಏನು ಅಂತ ತಿಳಿಯಬೇಕಾದರೆ ನಮ್ಮ ಚಿತ್ತಾಪುರ ತಾಲ್ಲೂಕಿನ ಸನ್ನತಿಗೆ ಹೋಗಿ ಬನ್ನಿ. 1986ರಲ್ಲಿ ಅಲ್ಲಿಯ ಕಾಳಿ ಗುಡಿಯ ಛಾವಣಿ ಕುಸಿಯಿತು. ಆಮೇಲೆ ನೋಡಿದರೆ ದೇವಿಯ ಮೂರ್ತಿಗೆ ಪೀಠವಾಗಿ ಇಟ್ಟಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಅದರ ಹತ್ತಿರವೇ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆಯವರು ಅಗೆದಾಗ ಬೌದ್ಧ ಸ್ತೂಪ ಹೊರಬಂತು. ಅಲ್ಲಿಯ ಒಂದು ಶಿಲ್ಪದಲ್ಲಿ ರಾಜ, ರಾಣಿ, ಸೇವಕಿಯರು ಇದ್ದಾರೆ. ಅದರ ಮೇಲೆ ಬ್ರಾಹ್ಮಿ ಲಿಪಿಯಲ್ಲಿ 'ರಾಯ ಅಸೋಕೋ' ಅಂತ ಬರೆದಿದೆ. ಅಶೋಕನ ಹೆಸರು ಕೊರೆದ ಅಶೋಕನ ಚಿತ್ರ! ಇದನ್ನು ನೂರು ಕಡೆ ಓದಬಹುದು. ಆದರೆ ಆ ನೂರು ಬರಹಗಳಿಗೂ ಬೇರು ಆ ಒಂದು ಕಲ್ಲು. ನೂರು ವೆಬ್‌ಸೈಟಿನಲ್ಲಿ ಒಂದೇ ಮಾತು ಇದೆ ಅಂದರೆ ನೂರು ಸಾಕ್ಷಿ ಸಿಕ್ಕಿತು ಅಂತ ಅಲ್ಲ. ಎಲ್ಲರೂ ಒಂದೇ ಕಡೆಯಿಂದ ನಕಲು ಮಾಡಿರಬಹುದು. ಆಗ ಸಾಕ್ಷಿ ಒಂದೇ. ಆ ಕಲ್ಲೂ ಕೂಡ ಎಲ್ಲವನ್ನೂ ಹೇಳುವುದಿಲ್ಲ. ಶಿಲ್ಪ ಅಶೋಕ ತೀರಿಕೊಂಡ ಎಷ್ಟೋ ಕಾಲದ ಮೇಲೆ ಕೆತ್ತಿದ್ದು. ಅವನ ಮುಖ ಹಾಗೆಯೇ ಇತ್ತು ಅಂತ ಅದರಿಂದ ಹೇಳಲಾಗದು. ಇಲ್ಲಿನ ಜನ ಅವನನ್ನು ನೆನಪಿಟ್ಟುಕೊಂಡಿದ್ದರು ಅಂತ ಹೇಳಬಹುದು. ಒಂದು ಸಾಕ್ಷಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಅಂತ ಗೆರೆ ಎಳೆಯುವುದು ಸಂಶೋಧಕರ ದಿನನಿತ್ಯದ ಕೆಲಸ.

ಇನ್ನೊಂದು ಉದಾಹರಣೆ ಸ್ಪರ್ಧಾತ್ಮಕ ಪರೀಕ್ಷೆ ಬರೆಯುವವರಿಗೆ. ಬಹಮನಿ ರಾಜಧಾನಿ ಕಲಬುರಗಿಯಿಂದ ಬೀದರಿಗೆ ಯಾವಾಗ ಹೋಯಿತು ಅಂತ ಹುಡುಕಿ. ಒಂದು ಕಡೆ 1424, ಇನ್ನೊಂದು ಕಡೆ 1429, ಮತ್ತೊಂದು ಕಡೆ 1432. ವಿದ್ಯಾರ್ಥಿಗಳು ಸಿಟ್ಟಾಗುತ್ತಾರೆ, ಯಾವುದು ಸರಿ ಹೇಳಿ ಸರ್ ಅಂತಾರೆ. ಸ್ವಲ್ಪ ಯೋಚಿಸಿ. ರಾಜಧಾನಿ ಒಂದೇ ದಿನದಲ್ಲಿ ಎದ್ದು ಹೋಗುವುದಿಲ್ಲ. ಸುಲ್ತಾನ ಹೋದದ್ದು ಯಾವಾಗ, ಕೋಟೆ ಕಟ್ಟಿ ಮುಗಿದದ್ದು ಯಾವಾಗ, ಕಚೇರಿಗಳು ಹೋದದ್ದು ಯಾವಾಗ? ಪ್ರತಿಯೊಂದಕ್ಕೂ ಬೇರೆ ಉತ್ತರ ಬರಬಹುದು. ಮೇಲಾಗಿ ಬಹಮನಿಗಳ ಬಗ್ಗೆ ಜನ ಹೆಚ್ಚು ಎತ್ತಿ ಹೇಳುವ ಚರಿತ್ರೆಕಾರ ಫರಿಷ್ತಾ ಬಿಜಾಪುರದಲ್ಲಿ ಕೂತು ಬರೆದದ್ದು 1600ರ ಆಸುಪಾಸಿನಲ್ಲಿ. ಆ ರಾಜ್ಯ ಹುಟ್ಟಿದ್ದು 1347ರಲ್ಲಿ. ಎರಡೂವರೆ ಶತಮಾನದ ಅಂತರ! ಬಹಮನಿ ಮೊದಲ ಸುಲ್ತಾನ ಗಂಗು ಅನ್ನುವ ಬ್ರಾಹ್ಮಣನ ಬಳಿ ಆಳಾಗಿದ್ದ, ಅದಕ್ಕೇ ಬಹಮನಿ ಅನ್ನುವ ಹೆಸರು ಬಂತು ಅನ್ನುವ ಕತೆ ಫರಿಷ್ತಾ ಹೇಳಿದ್ದು. ಕೇಳಲು ಬಹಳ ಚೆಂದ. ಇತಿಹಾಸಕಾರರು ಅದನ್ನು ಒಪ್ಪುವುದಿಲ್ಲ. ಚೆಂದದ ಕತೆ ಕಂಡಾಗ ನಾನು ಎರಡು ಸಲ ಜಾಸ್ತಿ ನೋಡುತ್ತೇನೆ.

ವಿಕಿಪೀಡಿಯ ಓದಬೇಡಿ ಅಂತ ಕೆಲವು ಶಿಕ್ಷಕರು ಹೇಳುತ್ತಾರೆ. ನಾನು ಹಾಗೆ ಹೇಳುವುದಿಲ್ಲ. ಓದಿ, ಆದರೆ ಕೆಳಗಿನ ಅಡಿಟಿಪ್ಪಣಿಗಳ ತನಕ ಹೋಗಿ. ಟಿಪ್ಪಣಿ ಇಲ್ಲದ ಸಾಲನ್ನು ಎತ್ತಿಕೊಳ್ಳಬೇಡಿ. 2003ರಲ್ಲಿ ಶುರುವಾದ ಕನ್ನಡ ವಿಕಿಪೀಡಿಯದಲ್ಲಿ ನಮ್ಮ ಭಾಗದ ಊರುಗಳ ಬಗ್ಗೆ ಇನ್ನೂ ಬಹಳ ಕಡಿಮೆ ಬರಹ ಇದೆ. ಅದನ್ನು ತುಂಬಬೇಕಾದವರು ನೀವು.

ಅಂಕಿ ಅಂಶಕ್ಕೆ ಬಂದರೆ, ಯಾದಗಿರಿಯ ಸಾಕ್ಷರತೆ ಶೇ 51.83, ರಾಜ್ಯದಲ್ಲೇ ಕೊನೆ ಅಂತ ಈಗಲೂ ಭಾಷಣಗಳಲ್ಲಿ ಹೇಳುತ್ತಾರೆ. ಅಂಕಿ ಸರಿಯಾದದ್ದೇ. ಆದರೆ ಅದು 2011ರ ಜನಗಣತಿಯದ್ದು. ಆಗ ಎರಡನೇ ತರಗತಿಯಲ್ಲಿದ್ದ ಮಗು ಈಗ ಓಟು ಹಾಕುತ್ತಿದೆ. ಇನ್ನೊಂದು, ಅದು 7 ವರ್ಷ ಮೇಲ್ಪಟ್ಟವರ ಲೆಕ್ಕ. ಅದರಲ್ಲಿ 70 ವರ್ಷದ ಅಜ್ಜಿಯೂ ಇದ್ದಾರೆ, 10 ವರ್ಷದ ಹುಡುಗಿಯೂ ಇದ್ದಾಳೆ. ಹಾಗಾಗಿ ಇವತ್ತು ಶಾಲೆಯಲ್ಲಿ ಮಕ್ಕಳು ಹೇಗೆ ಕಲಿಯುತ್ತಿದ್ದಾರೆ ಅಂತ ಅದು ಹೇಳುವುದಿಲ್ಲ. ಯಾವ ಅಂಕಿ ಕಂಡರೂ ಯಾವ ವರ್ಷದ್ದು, ಯಾರನ್ನು ಎಣಿಸಿದ್ದು ಅಂತ ಕೇಳಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಅವರಿಗಿ ಹ್ಯಾಂಗ ಗೊತ್ತಾಯ್ತು?

ತೊಗರಿ ಬೆಳೆಯುವವರು ಇಲ್ಲಿ ಬಹಳ ಜನ ಇದ್ದೀರಿ. ನಮ್ಮ ತೊಗರಿ ಬೇಳೆಗೆ 2019ರಲ್ಲಿ ಜಿಐ, ಅಂದರೆ ಇದು ಇಂಥ ಸೀಮೆಯದ್ದು ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಅದೇ ತೊಗರಿ ನೆಟೆ ರೋಗ ಬಂದಾಗ ಹೂವು ಕಾಯಿ ಇರುವಾಗಲೇ ಒಣಗಿ ನಿಲ್ಲುವುದನ್ನು ನೀವು ಕಣ್ಣಾರೆ ನೋಡಿದ್ದೀರಿ. ಆ ಸಂಕಟ ಗೊತ್ತಿರುವುದರಿಂದಲೇ ಈ ಉದಾಹರಣೆ ಆರಿಸಿಕೊಂಡೆ. ಯೂಟ್ಯೂಬಿನಲ್ಲಿ ಒಬ್ಬರು ಹೇಳುತ್ತಾರೆ: "ಈ ಪುಡಿ ಬೀಜಕ್ಕೆ ಬೆರೆಸಿ ಬಿತ್ತಿರಿ, ನೆಟೆ ರೋಗ ಹತ್ತಿರ ಸುಳಿಯೋದಿಲ್ಲ. ನಾನು ಹಾಕೀನಿ, ನನ್ನ ಹೊಲಕ್ಕ ಬಂದಿಲ್ಲ." ಅವರು ಸುಳ್ಳು ಹೇಳುತ್ತಿದ್ದಾರೆ ಅಂತ ನಾನು ಹೇಳುವುದಿಲ್ಲ. ಅವರ ಹೊಲಕ್ಕೆ ರೋಗ ಬರದೇ ಇದ್ದದ್ದು ನಿಜವೇ ಇರಬಹುದು. ಅದು ಪುಡಿಯಿಂದಲೇ ಅಂತ ಅವರಿಗೆ ಹ್ಯಾಂಗ ಗೊತ್ತಾಯ್ತು?

ನೆಟೆ ರೋಗ ತರುವುದು ಮಣ್ಣಿನಲ್ಲಿರುವ ಒಂದು ಶಿಲೀಂಧ್ರ. ಅದು ಹೊಲದಲ್ಲಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಅಲ್ಲಲ್ಲಿ ತೇಪೆ ಹಾಕಿದ ಹಾಗೆ ಇರುತ್ತದೆ. ಹೋದ ವರ್ಷ ಅಲ್ಲಿ ಜೋಳ ಹಾಕಿದ್ದರೆ ರೋಗ ಕಡಿಮೆಯಾಗುತ್ತದೆ. ಬಿತ್ತಿದ ತಳಿಯೇ ರೋಗ ತಡೆಯುವಂಥದ್ದು ಇರಬಹುದು. ಹಾಗಾದರೆ ಗಿಡ ಉಳಿದದ್ದು ಪುಡಿಯಿಂದಲೋ, ಜೋಳದಿಂದಲೋ, ತಳಿಯಿಂದಲೋ? ಒಣಗಿದ್ದೆಲ್ಲ ನೆಟೆ ರೋಗವೂ ಅಲ್ಲ. ನೀರು ನಿಂತರೂ ತೊಗರಿ ಒಣಗುತ್ತದೆ. ಕಾಂಡ ಸೀಳಿ ಒಳಗೆ ಕಂದು ಕಪ್ಪು ಗೆರೆ ಇದೆಯೇ ನೋಡಬೇಕು.

ಕೆಲವರು ಹೊಲದ ಅರ್ಧಕ್ಕೆ ಹಾಕಿ ಅರ್ಧ ಬಿಡುತ್ತಾರೆ. ಇದು ಒಳ್ಳೆಯ ಹೆಜ್ಜೆ. ಹಾಕದೇ ಬಿಟ್ಟ ಭಾಗ ಇಲ್ಲದಿದ್ದರೆ ಹೋಲಿಸಲು ಏನೂ ಇರುವುದಿಲ್ಲ. ಆದರೆ ತಗ್ಗಿನ ಅರ್ಧ ಒಂದು ಕಡೆ, ಎತ್ತರದ ಅರ್ಧ ಒಂದು ಕಡೆ ಆದರೆ ನೀವು ಅಳೆದದ್ದು ಪುಡಿಯನ್ನೋ, ಇಳಿಜಾರನ್ನೋ? ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರಕ್ಕೆ 1919ರಲ್ಲಿ ಕೆಲಸಕ್ಕೆ ಸೇರಿದ ಆರ್. ಎ. ಫಿಶರ್ ಈ ಕಗ್ಗಂಟು ಬಿಡಿಸಿದರು. ಹೊಲವನ್ನು ಹಲವು ಪಟ್ಟಿ ಮಾಡಿ, ಯಾವ ಪಟ್ಟಿಗೆ ಏನು ಅನ್ನುವುದನ್ನು ಅದೃಷ್ಟಕ್ಕೆ ಬಿಡಿ ಅಂದರು. ಇವತ್ತು ಆಸ್ಪತ್ರೆಗಳಲ್ಲಿ ಔಷಧ ಪರೀಕ್ಷಿಸುವ ರೀತಿಯ ಬೇರು ಹೀಗೆ ಹೊಲದಲ್ಲಿದೆ. ರೈತರು ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳಬಹುದು.

ನೀವೂ ಮಾಡಬಹುದು. ಒಂದು ಎಕರೆಯನ್ನು 8 ಪಟ್ಟಿ ಮಾಡಿ. 8 ಚೀಟಿ ಬರೆದು ಮನೆಯ ಮಗುವಿನ ಕೈಯಲ್ಲಿ ಎತ್ತಿಸಿ, 4 ಪಟ್ಟಿಗೆ ಪುಡಿ ಹಾಕಿದ ಬೀಜ, 4 ಪಟ್ಟಿಗೆ ಹಾಗೆಯೇ. ತಳಿ ಒಂದೇ, ಬಿತ್ತಿದ ದಿನ ಒಂದೇ, ಗೊಬ್ಬರ ಒಂದೇ. ಒಂದು ಪಟ್ಟಿಯ ಪ್ರಭಾವ ಪಕ್ಕದ್ದಕ್ಕೆ ತಾಗುತ್ತದೆ, ಹಾಗಾಗಿ ಅಂಚಿನ ಸಾಲು ಎಣಿಸಬೇಡಿ. ಯಾವ ದಿನ ಎಣಿಸುತ್ತೀರಿ, ಏನನ್ನು ಎಣಿಸುತ್ತೀರಿ ಅನ್ನುವುದನ್ನು ಬಿತ್ತುವ ಮುಂಚೆಯೇ ಡೈರಿಯಲ್ಲಿ ಬರೆಯಿರಿ. ಇಲ್ಲದಿದ್ದರೆ ನಮಗೆ ಬೇಕಾದ ಉತ್ತರ ಬಂದ ದಿನ ಎಣಿಸುವುದನ್ನು ನಿಲ್ಲಿಸಿಬಿಡುತ್ತೇವೆ. ಎಣಿಸುವವರಿಗೆ ಯಾವ ಪಟ್ಟಿಗೆ ಪುಡಿ ಹಾಕಿದೆ ಅಂತ ಗೊತ್ತಿರಬಾರದು. ಬೇಕಾದರೆ ಪಕ್ಕದ ಹೊಲದವರನ್ನು ಕರೆಯಿರಿ. ಮನಸ್ಸು ಬಯಸಿದ್ದನ್ನು ಕಣ್ಣು ನೋಡುತ್ತದೆ. ಪ್ರಾಮಾಣಿಕರಿಗೂ ಹಾಗೆ ಆಗುತ್ತದೆ.

ಹೈದರಾಬಾದ್ ಹತ್ತಿರ ಪಟಾನ್‌ಚೆರುವಿನಲ್ಲಿ ಇಕ್ರಿಸ್ಯಾಟ್ ಸಂಶೋಧನಾ ಸಂಸ್ಥೆ ಇದೆ. ಅಲ್ಲಿ ನೆಟೆ ರೋಗ ತಡೆಯುವ ತಳಿ ಹುಡುಕಲು ಬೇಕಂತಲೇ ರೋಗ ತುಂಬಿದ ಮಣ್ಣಿನ ತಾಕು ಬೆಳೆಸಿದರು. ಪರೀಕ್ಷೆಯ ತಳಿಗಳ ನಡುನಡುವೆ ಬೇಗ ರೋಗ ಹತ್ತುವ ಒಂದು ತಳಿಯ ಸಾಲು ಹಾಕುತ್ತಿದ್ದರು. ಯಾಕೆ? ಆ ಸಾಲು ಸತ್ತರೆ ಮಾತ್ರ ಅಲ್ಲಿ ರೋಗ ಇತ್ತು ಅಂತ ಖಾತ್ರಿ. ಅದೂ ಬದುಕಿ ನಿಂತಿದ್ದರೆ ಪಕ್ಕದ ತಳಿ ಉಳಿದದ್ದಕ್ಕೆ ಏನೂ ಅರ್ಥವಿಲ್ಲ. ಸಾಯಲಿ ಅಂತಲೇ ಬಿತ್ತಿದ ಆ ಸಾಲನ್ನು ನೆನೆದಾಗಲೆಲ್ಲ ಸಂಶೋಧನೆ ಅಂದರೇನು ಅಂತ ನನಗೆ ಹೊಸದಾಗಿ ಅರ್ಥವಾಗುತ್ತದೆ. ಯೂಟ್ಯೂಬಿನ ಆ ರೈತರ ಹೊಲದಲ್ಲಿ ಅಂಥ ಸಾಲು ಇರಲಿಲ್ಲ. ಇಂಥ ಕ್ರಮದಲ್ಲಿ ಪರೀಕ್ಷೆಯಾದ ಶಿಫಾರಸುಗಳು ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ, ಇಲ್ಲೇ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದಲ್ಲಿ, ಕೃಷಿ ವಿಜ್ಞಾನ ಕೇಂದ್ರದಲ್ಲಿ ಸಿಗುತ್ತವೆ. ಅಂಗಡಿಗೆ ಹೋಗುವ ಮುಂಚೆ ಅಲ್ಲಿಗೆ ಹೋಗಿ.

ಜನ ಜಾಸ್ತಿ ಇದ್ದರೆ ಸಮೀಕ್ಷೆ ಸರಿ ಅನ್ನುವ ನಂಬಿಕೆಯೂ ಇದೆ. 1936ರಲ್ಲಿ ಅಧ್ಯಕ್ಷರ ಚುನಾವಣೆಯಲ್ಲಿ ಯಾರಿಗೆ ಓಟು ಅಂತ ಕೇಳಿದ ಅಮೆರಿಕದ ಲಿಟರರಿ ಡೈಜೆಸ್ಟ್ ಪತ್ರಿಕೆಗೆ ಸುಮಾರು 24 ಲಕ್ಷ ಜನ ಉತ್ತರ ಬರೆದರು. ಲ್ಯಾಂಡನ್ ಅಧ್ಯಕ್ಷರಾಗುತ್ತಾರೆ ಅಂತ ಪತ್ರಿಕೆ ಹೇಳಿತು. ಆದರೆ 48 ರಾಜ್ಯಗಳ ಪೈಕಿ 46ರಲ್ಲಿ ಅವರ ಎದುರಾಳಿ ರೂಸ್‌ವೆಲ್ಟ್ ಗೆದ್ದರು. ಪತ್ರಿಕೆ ಹೆಸರು ತೆಗೆದುಕೊಂಡದ್ದು ಫೋನು, ಕಾರು ಇದ್ದವರ ಪಟ್ಟಿಗಳಿಂದ. ಬಡವರು ಅದರಲ್ಲಿ ಎಲ್ಲಿ ಸಿಗಬೇಕು? ಉತ್ತರ ಕಳಿಸದವರ ಮನಸ್ಸಿನಲ್ಲಿ ಏನಿತ್ತು ಅನ್ನುವುದೂ ತಿಳಿಯಲಿಲ್ಲ.

ಒಂದೇ ಅಧ್ಯಯನ ಹಿಡಿದುಕೊಂಡು ಕೂರುವುದೂ ಅಪಾಯ. 1998ರಲ್ಲಿ ಲ್ಯಾನ್ಸೆಟ್ ಎಂಬ ದೊಡ್ಡ ವೈದ್ಯಕೀಯ ಪತ್ರಿಕೆಯಲ್ಲಿ 12 ಮಕ್ಕಳ ಬಗ್ಗೆ ಒಂದು ಲೇಖನ ಬಂತು. ದಡಾರ, ಮಂಗಬಾವು, ರುಬೆಲ್ಲಾ ಲಸಿಕೆಗೂ ಆಟಿಸಂ ಅನ್ನುವ ಮಕ್ಕಳ ಬೆಳವಣಿಗೆಯ ತೊಂದರೆಗೂ ನಂಟಿದೆ ಅಂತ ಅದರಿಂದ ಭಯ ಹುಟ್ಟಿತು. 2010ರಲ್ಲಿ ಪತ್ರಿಕೆಯೇ ಆ ಲೇಖನ ವಾಪಸ್ ಪಡೆಯಿತು. ಡೆನ್ಮಾರ್ಕಿನಲ್ಲಿ 6,57,461 ಮಕ್ಕಳನ್ನು ನೋಡಿದ ಅಧ್ಯಯನ 2019ರಲ್ಲಿ ಬಂತು, ಅಂಥ ನಂಟು ಇಲ್ಲ ಅಂತ ಹೇಳಿತು. ಆದರೂ ಆ 12 ಮಕ್ಕಳ ಕತೆ ಇನ್ನೂ ವಾಟ್ಸ್‌ಆ್ಯಪಿನಲ್ಲಿ ತಿರುಗುತ್ತಿದೆ. ಲಸಿಕೆ ತಪ್ಪಿಸಿಕೊಂಡ ಮಗುವಿಗೆ ದಡಾರ ಬಂದರೆ ಯಾರು ಹೊಣೆ? ಅದಕ್ಕೇ ಹೇಳುವುದು, ಲೇಖನ ಸಿಕ್ಕಾಗ ಅದೇ ವಿಷಯದ ಮೇಲೆ ಆಮೇಲೆ ಏನು ಬಂದಿದೆ, ಅದನ್ನು ವಾಪಸ್ ಪಡೆದಿದ್ದಾರಾ ಅಂತ ನೋಡಿ. ಗೂಗಲ್ ಸ್ಕಾಲರ್‌ನಲ್ಲಿ ಪ್ರತಿ ಲೇಖನದ ಕೆಳಗೆ ಅದನ್ನು ಆಧರಿಸಿದ ಮುಂದಿನ ಲೇಖನಗಳ ಕೊಂಡಿ ಇರುತ್ತದೆ. ನಮ್ಮ ವಿಶ್ವವಿದ್ಯಾಲಯಗಳ ಪಿಎಚ್‌ಡಿ ಪ್ರಬಂಧಗಳು 'ಶೋಧಗಂಗಾ' ಅನ್ನುವ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಕನ್ನಡದಲ್ಲಿ ಬರೆದವೂ ಇವೆ.

ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿ, "ಸರ, ಎಐ ಕೇಳಿದರ ಎಲ್ಲಾ ಹೇಳ್ತದ. ಇಷ್ಟೆಲ್ಲ ಯಾಕ್ ಹುಡುಕಬೇಕ್ರಿ?" ಅಂತ ಕೇಳಿದ. ಒಳ್ಳೆಯ ಪ್ರಶ್ನೆ. ಎಐ ವಾಕ್ಯ ಕಟ್ಟುವುದರಲ್ಲಿ ಗಟ್ಟಿ. ಗೊತ್ತಿಲ್ಲದ್ದನ್ನೂ ಗೊತ್ತಿರುವ ಹಾಗೆಯೇ ಬರೆಯುತ್ತದೆ. 2023ರಲ್ಲಿ ನ್ಯೂಯಾರ್ಕಿನ ವಕೀಲರು ಎಐ ಕೊಟ್ಟ ಹಳೆಯ ತೀರ್ಪುಗಳನ್ನು ಕೋರ್ಟಿಗೆ ಕೊಟ್ಟರು. ಅಂಥ ತೀರ್ಪುಗಳೇ ಇರಲಿಲ್ಲ. 5,000 ಡಾಲರ್ ದಂಡ ಬಿತ್ತು. ಎಐಯನ್ನು ಹುಡುಕಬೇಕಾದ ಪದ ತಿಳಿಯಲು, ಕಷ್ಟದ ಇಂಗ್ಲಿಷ್ ಲೇಖನ ಅರ್ಥ ಮಾಡಿಕೊಳ್ಳಲು ಬಳಸಿ. ಅದು ಹೆಸರಿಸಿದ ಪ್ರತಿ ಪುಸ್ತಕ, ಪ್ರತಿ ಲೇಖನ ನಿಜಕ್ಕೂ ಇದೆಯೇ ಅಂತ ನೀವೇ ತೆರೆದು ನೋಡಿ.

ಇನ್ನೊಬ್ಬರು, "ಮನಿ ಗ್ರೂಪಿನಾಗ ನಮ್ಮ ಕಾಕಾ ದಿನಾ ಸುಳ್ಳು ಸುದ್ದಿ ಹಾಕ್ತಾರ್ರಿ. ಹಿರಿಯರು, ಹ್ಯಾಂಗ ಹೇಳಬೇಕು?" ಅಂದರು. ಸಭೆ ನಕ್ಕಿತು, ಎಲ್ಲರ ಮನೆಯಲ್ಲೂ ಇರುವ ಕಷ್ಟ. ಎಲ್ಲರ ಮುಂದೆ ಗ್ರೂಪಿನಲ್ಲಿ ತಿದ್ದಬೇಡಿ, ಅವರ ಮಾನಕ್ಕೆ ಪೆಟ್ಟು ಬೀಳುತ್ತದೆ. ಫೋನ್ ಮಾಡಿ, "ಕಾಕಾ, ನೀವು ಕಳಿಸಿದ್ದು ನೋಡಿದೆ. ಇದು ಎಲ್ಲಿಂದ ಬಂತ್ರಿ? ನಾನು ಇಲ್ಲಿ ಹಿಂಗ ಓದಿದೆ" ಅಂತ ಹೇಳಿ. ಅವರು ಕಳಿಸಿದ್ದು ನಿಮ್ಮ ಮೇಲಿನ ಕಾಳಜಿಯಿಂದ. ಆ ಕಾಳಜಿಗೆ ಗೌರವ ಕೊಟ್ಟರೆ ಮಾತು ಕೇಳುತ್ತಾರೆ. ಆದರೆ ಯಾರದಾದರೂ ಪ್ರಾಣಕ್ಕೆ ಕುತ್ತು ತರುವ ಸುದ್ದಿಯಾದರೆ ಸಂಕೋಚ ಬೇಡ. ಗ್ರೂಪಿನಲ್ಲೇ ತಡೆಯಿರಿ, ಪೊಲೀಸರಿಗೆ ತಿಳಿಸಿ.

ಕೊನೆಯ ಪ್ರಶ್ನೆ ಬಿಎ ಓದುವ ಒಬ್ಬ ಹುಡುಗಿಯದು. ಪ್ರಾಜೆಕ್ಟಿಗೆ ಹಾಸ್ಟೆಲ್ ಹುಡುಗಿಯರು ಫೋನಿನಲ್ಲಿ ಎಷ್ಟು ಹೊತ್ತು ಕಳೆಯುತ್ತಾರೆ ಅಂತ ನೋಡಬೇಕು, ವಾಟ್ಸ್‌ಆ್ಯಪಿನಲ್ಲಿ ಗೂಗಲ್ ಫಾರಂ ಕಳಿಸಿದರೆ ಸಾಕಾ ಅಂತ ಕೇಳಿದಳು. ಸಾಕಾಗುವುದಿಲ್ಲ ತಂಗಿ. ಫೋನ್ ಜಾಸ್ತಿ ನೋಡುವವರೇ ನಿನ್ನ ಫಾರಂ ಮೊದಲು ನೋಡುತ್ತಾರೆ, ಅವರೇ ತುಂಬುತ್ತಾರೆ. ಫೋನ್ ಇಲ್ಲದವರು ಲೆಕ್ಕಕ್ಕೇ ಬರುವುದಿಲ್ಲ. ವಾರ್ಡನ್ ಮೇಡಂ ಅವರ ಅನುಮತಿ ಪಡೆದು ಹಾಸ್ಟೆಲಿನ ಪೂರ್ತಿ ಪಟ್ಟಿ ತೆಗೆದುಕೋ. ಚೀಟಿ ಎತ್ತಿ ಹೆಸರು ಆರಿಸು. ಆರಿಸಿದವರ ಬಳಿ ನೀನೇ ಹೋಗು. ಉತ್ತರ ಕೊಡುವುದು ಬಿಡುವುದು ಅವರಿಷ್ಟ ಅಂತ ಮೊದಲೇ ಹೇಳು, ಹೆಸರು ಬರೆಯಬೇಡ. ಯಾರು ಒಲ್ಲೆ ಅಂದರು ಅನ್ನುವ ಲೆಕ್ಕವನ್ನೂ ಇಡು, ವರದಿಯಲ್ಲಿ ಅದನ್ನು ಬರೆಯಬೇಕಾಗುತ್ತದೆ. "ದಿನಕ್ಕೆ ಎಷ್ಟು ತಾಸು ನೋಡುತ್ತೀರಿ" ಅಂತ ಕೇಳಿದರೆ ನೆನಪಿನಿಂದ ಹೇಳುತ್ತಾರೆ, ಅದು ಸರಿ ಇರುವುದಿಲ್ಲ. ಫೋನಿನ ಸೆಟ್ಟಿಂಗಿನಲ್ಲಿ ಬಳಕೆಯ ಸಮಯ ತೋರಿಸುತ್ತದೆ. ಅವರು ಒಪ್ಪಿದರೆ ಅದನ್ನು ನೋಡಿ ಬರೆದುಕೋ. ಮೊದಲು ನಾಲ್ಕೈದು ಗೆಳತಿಯರ ಮೇಲೆ ನಿನ್ನ ಪ್ರಶ್ನೆ ಹಾಳೆ ಪರೀಕ್ಷಿಸು, ಯಾವ ಪ್ರಶ್ನೆ ಅವರಿಗೆ ಅರ್ಥವಾಗಲಿಲ್ಲ ಅಂತ ಗುರುತು ಮಾಡು. ಆಮೇಲೆ ಆ ಹಾಳೆ ತೆಗೆದುಕೊಂಡು ಗ್ರಂಥಾಲಯಕ್ಕೆ ಬಾ, ಕೂತು ನೋಡೋಣ.